ಕಾಡುಹೂವೂ ನನ್ನ ತೂಕವೂ

ಈ ಭೂಮಿಯ ಮೇಲೆ ಹುಲ್ಲು ಕತ್ತರಿಸುವಷ್ಟು ನಿರರ್ಥಕವಾದ ಕೆಲಸ ಇನ್ನೊಂದಿಲ್ಲ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೇನೆ. ಗಡ್ಡ ಬೋಳಿಸಿದರೆ ಮುಖವಾದರೂ ಕಾಣುತ್ತದೆ. ಹುಲ್ಲು ಬೋಳಿಸಿದರೆ ಏನು ಕಾಣುತ್ತದೆ? ಅದೇ ಹುಲ್ಲು, ಸ್ವಲ್ಪ ಗಿಡ್ಡಗೆ. ಮುಂದಿನ ಭಾನುವಾರದ ಹೊತ್ತಿಗೆ ಅದು ಮತ್ತೆ ಉದ್ದವಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಗಾಳಿಗೆ ತಲೆಯಾಡಿಸುತ್ತ ನಿಂತಿರುತ್ತದೆ.

ನಮ್ಮ ಮನೆಯ ಹಿಂದೆ ಹದಿನೆಂಟು ಹೆಜ್ಜೆ ಉದ್ದದ, ಹನ್ನೆರಡು ಹೆಜ್ಜೆ ಅಗಲದ ಒಂದು ಹಿತ್ತಲಿದೆ. (ಇದು ನನ್ನ ಹೆಜ್ಜೆಯ ಲೆಕ್ಕ. ನನ್ನ ಹೆಂಡತಿಯ ಲೆಕ್ಕದಲ್ಲಿ ಉದ್ದ ಹದಿನಾಲ್ಕೇ ಹೆಜ್ಜೆ. ಅವಳು ನಡೆಯುವುದಿಲ್ಲ, ನುಗ್ಗುತ್ತಾಳೆ.) ಆ ಹಿತ್ತಲಿನ ತುಂಬ ಹುಲ್ಲು. ಆ ಹುಲ್ಲಿಗೊಂದು ಕೈಯಿಂದ ತಳ್ಳುವ ಮಷಿನ್ನು. ಆ ಮಷಿನ್ನು ನಮ್ಮ ಮದುವೆಗೆ ಮಾವ ಕೊಟ್ಟ ಉಡುಗೊರೆ. ಅಳಿಯನಿಗೆ ಕೈಗಡಿಯಾರ ಕೊಡುವ ಮಾವಂದಿರಿದ್ದಾರೆ, ಸೂಟು ಹೊಲಿಸಿಕೊಡುವವರಿದ್ದಾರೆ. ನನ್ನ ಮಾವನಾದರೋ ದೊಡ್ಡದೊಂದು ಆಟದ ಮೈದಾನದಲ್ಲಿ ನಲವತ್ತು ವರ್ಷ ಹುಲ್ಲಿನ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಅವರ ಮೈದಾನದಲ್ಲಿ ಹುಲ್ಲಲ್ಲದ ಒಂದೇ ಒಂದು ಎಲೆ ತಲೆಯೆತ್ತಿದರೂ ಅದಕ್ಕೆ ಅಂದೇ ಕೊನೆಯ ದಿನ. ಮಷಿನ್ನಿನ ಹಿಡಿಯನ್ನು ನನ್ನ ಕೈಗೆ ಕೊಡುವಾಗ ಅವರು ಮಗಳನ್ನು ಕಳಿಸಿಕೊಡುವಾಗ ಇದ್ದದ್ದಕ್ಕಿಂತ ಹೆಚ್ಚು ಭಾವುಕರಾಗಿದ್ದರು.

"ವಾರಕ್ಕೊಂದ್ಸಲ ಎಣ್ಣೆ ಹಾಕಿ, ಅಳಿಯಂದ್ರೆ. ಮಳೇಲಿ ನೆನೆಯೋಕೆ ಬಿಡಬೇಡಿ," ಎಂದರು.

ಮಗಳ ವಿಷಯದಲ್ಲಿ ಇಂಥ ಯಾವ ಸೂಚನೆಯನ್ನೂ ಕೊಡಲಿಲ್ಲ. (ಕೊಟ್ಟಿದ್ದರೆ ಉಪಕಾರವಾಗುತ್ತಿತ್ತು.)

ಹೀಗೆ ಹನ್ನೊಂದು ವರ್ಷ ತಳ್ಳಿದೆ. ಹನ್ನೆರಡನೆಯ ವರ್ಷ ಒಂದು ಭಾನುವಾರ, ಪತ್ರಿಕೆಯ ಪುರವಣಿಯಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಬಯಲುಗಳಲ್ಲಿ ತಾವಾಗಿಯೇ ಬೆಳೆಯುತ್ತಿದ್ದ ನಮ್ಮ ನೆಲದ ಹೂಗಳು ಕಾಣೆಯಾಗುತ್ತಿವೆ, ದುಂಬಿಗಳಿಗೆ ಕೂರಲು ಜಾಗವಿಲ್ಲ, ಆದ್ದರಿಂದ ಹಿತ್ತಲಿನ ಹುಲ್ಲನ್ನು ಕತ್ತರಿಸಬೇಡಿ, ಇತ್ಯಾದಿ. ‘ಕತ್ತರಿಸಬೇಡಿ’ ಎಂಬಲ್ಲಿಗೆ ಬಂದವನು ಮುಂದೆ ಓದಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಏನೂ ಮಾಡದೆ ಸುಮ್ಮನಿದ್ದರೆ ಅದೇ ಪರಿಸರ ಸೇವೆ! ಇಂಥ ಸೇವೆಗೆ ಹುಟ್ಟಿನಿಂದಲೇ ನನ್ನಷ್ಟು ತಯಾರಾಗಿದ್ದವರು ಯಾರಿದ್ದಾರೆ? ಲೇಖನವನ್ನು ಕತ್ತರಿಸಿ ಹೆಂಡತಿಯ ತಿಂಡಿ ತಟ್ಟೆಯ ಪಕ್ಕದಲ್ಲಿಟ್ಟು, ಮುಖಕ್ಕೆ ಸಾಧ್ಯವಾದಷ್ಟು ದುಃಖ ತಂದುಕೊಂಡೆ.

"ಪಾಪ, ದುಂಬಿಗಳು ಕಣೆ," ಎಂದೆ.

"ನಿಮಗೆ ಯಾವಾಗಿಂದ ದುಂಬಿ ಮೇಲೆ ಪ್ರೀತಿ ಬಂತು?"

"ಮೊದಲಿಂದಲೂ ಇತ್ತು. ಹೇಳ್ಕೊಂಡಿರಲಿಲ್ಲ."

"ಹೋದ ವಾರ ಬಚ್ಚಲಿಗೆ ಒಂದು ಬಂದಾಗ ಟವೆಲ್ಲನ್ನೂ ಬಿಟ್ಟು ಓಡಿ ಬಂದ್ರಲ್ಲ?"

"ಅದಕ್ಕೆ ಏಕಾಂತ ಬೇಕಿತ್ತೇನೋ ಅಂತ."

ನನ್ನವಳು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ನು. ಜನರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಏನು ತಪ್ಪಿದೆ ಎಂದು ಹುಡುಕುವುದು ಹಗಲಿನ ಕೆಲಸ. ಸಂಜೆ ಮನೆಗೆ ಬಂದು ಅದೇ ಕೆಲಸವನ್ನು ಸೂಕ್ಷ್ಮದರ್ಶಕವಿಲ್ಲದೆ ನನ್ನ ಮೇಲೆ ಮುಂದುವರಿಸುತ್ತಾಳೆ. ಅವಳ ಮುಂದೆ ಅರ್ಧ ಓದಿದ ಕಾಗದವನ್ನು ಇಡಬಾರದಿತ್ತು. ಅವಳು ಲೇಖನವನ್ನು ಪೂರ್ತಿ ಓದಿದಳು. ಕೆಳಗೆ ಸಣ್ಣಕ್ಷರದಲ್ಲಿ ಕೊಟ್ಟಿದ್ದ ಪುಸ್ತಕಗಳ ಪಟ್ಟಿಯನ್ನು ಓದಿದಳು. ಆ ಪುಸ್ತಕಗಳನ್ನು ಲೈಬ್ರರಿಯಿಂದ ತಂದು ಓದಿದಳು. ಮುಂದಿನ ಭಾನುವಾರ ಹಿತ್ತಲಿನ ನಾಲ್ಕು ಮೂಲೆಯಿಂದ ನಾಲ್ಕು ಚಿಟಿಕೆ ಮಣ್ಣು ತೆಗೆದು ಗಾಜಿನ ಬಾಟಲಿಗಳಲ್ಲಿ ನೀರು ಹಾಕಿ ಅಲ್ಲಾಡಿಸುತ್ತ ನಿಂತಳು. ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ನನ್ನನ್ನು ಕರೆದಳು.

"ರೀ, ನಮ್ಮ ಮಣ್ಣಲ್ಲಿ ಸಾರ ತುಂಬಾ ಇದೆ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಸಾರ ಜಾಸ್ತಿ ಆದ್ರೆ ಹುಲ್ಲು ಕೊಬ್ಬಿ ಬೇರೆ ಗಿಡಗಳನ್ನ ಮೇಲೇಳೋಕೇ ಬಿಡಲ್ಲ. ಕಾಡುಹೂವಿಗೆ ಬಡ ಮಣ್ಣು ಬೇಕು. ಮೇಲಿನ ಮಣ್ಣನ್ನ ಅರ್ಧ ಗೇಣು ತೆಗೀಬೇಕು."

"ಯಾರು?"

ಅವಳು ಗುದ್ದಲಿ ತಂದು ನನ್ನ ಕೈಗಿಟ್ಟಳು. ಹನ್ನೊಂದು ವರ್ಷ ನಾನೇ ಗೊಬ್ಬರ ಸುರಿದು ಕೊಬ್ಬಿಸಿದ ಮಣ್ಣನ್ನು ನಾನೇ ಕೆರೆದು, ನಾನೇ ಬಕೆಟ್ಟಿನಲ್ಲಿ ತುಂಬಿ, ನಾನೇ ಹೊತ್ತು ಹಾಕಿದೆ. ಎಲ್ಲಿಗೆ? ಪಕ್ಕದ ಮನೆಯ ಹಲ್ಲಿನ ಡಾಕ್ಟರ ಗುಲಾಬಿ ಪಾತಿಗೆ. ಆ ವರ್ಷ ಅವರ ಗುಲಾಬಿಗಳು ಎಲೆಕೋಸಿನ ಗಾತ್ರಕ್ಕೆ ಬಂದವು. ನಮ್ಮ ಹಿತ್ತಲಿನಲ್ಲಿ ಕಲ್ಲು ಬಂದವು.

ಏನೂ ಮಾಡದೆ ಸುಮ್ಮನಿರುವುದು ಎಷ್ಟು ಕೆಲಸದ ವಿಷಯ ಎಂದು ನನಗೆ ತಿಳಿಯತೊಡಗಿದ್ದು ಆಮೇಲೆ. ಬೀಜ ಬೇಕು, ಆದರೆ ಅಂಗಡಿಯದ್ದಲ್ಲ. ನಮ್ಮ ಸುತ್ತಮುತ್ತಲಿನ ನೆಲದ್ದೇ ಆಗಬೇಕು. ರಸ್ತೆಯಂಚು, ಹಳೆಯ ಕ್ವಾರಿ, ಪಾಳುಬಿದ್ದ ಕಾರ್ಖಾನೆಯ ಬೇಲಿ, ಇಲ್ಲೆಲ್ಲ ರಜೆಯ ದಿನ ಅವಳು ಮುಂದೆ, ನಾನು ಲಕೋಟೆಗಳನ್ನು ಹಿಡಿದು ಹಿಂದೆ. ಬಿತ್ತಿದ ಮೇಲೆ ಮೊಳಕೆಗಳು ಬಂದವು. ಪ್ರತಿಯೊಂದಕ್ಕೂ ಅವಳು ಲ್ಯಾಬಿನ ಚೀಟಿ ಅಂಟಿಸಿದ ಕಡ್ಡಿ ನೆಟ್ಟಳು. ‘ಮಾದರಿ ಹದಿನಾಲ್ಕು, ನಿಗಾದಲ್ಲಿದೆ.’ ಕಳೆ ಕೀಳುವ ಕೆಲಸ ನನ್ನದು. ನಾನು ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಾಗದಗಳನ್ನು ವಿಂಗಡಿಸುವವನು. ವೈದ್ಯರ ಕೈಬರಹದ ವಿಳಾಸವನ್ನೂ ಒಂದೇ ನೋಟಕ್ಕೆ ಓದಬಲ್ಲೆ ಎಂಬ ಜಂಬ ನನಗಿತ್ತು.

"ಇದೇನು ಮಾಡಿದ್ರಿ?" ಎಂದಳು ಒಂದು ದಿನ, ನಾನು ಬೆವರೊರೆಸಿಕೊಳ್ಳುತ್ತಿದ್ದಾಗ.

"ಕಳೆ ಕಿತ್ತೆ. ಒಂದು ಬುಟ್ಟಿ."

"ಈ ಬುಟ್ಟೀಲಿರೋದು ಹೂವಿನ ಸಸಿ. ಅಲ್ಲಿ ಬಿಟ್ಟಿರೋದು ಕಳೆ."

"ಎರಡೂ ಹಸಿರಾಗೇ ಇವೆಯಲ್ಲೇ!"

"ನಿಮ್ಮ ಆಫೀಸಲ್ಲಿ ಕಾಗದ ಎಲ್ಲಾ ಬಿಳೀಗೇ ಇರುತ್ತೆ. ಎಲ್ಲಾ ಒಂದೇ ಮನೆಗೆ ಹಾಕ್ತೀರಾ?"

ನಾನು ಬುಟ್ಟಿಯನ್ನು ಮತ್ತೆ ನೆಲಕ್ಕೆ ವಿಂಗಡಿಸುತ್ತ ಕೂತೆ. ಅದರಲ್ಲಿ ಅರ್ಧದಷ್ಟು ಬದುಕಿಕೊಂಡವು. ಮೊದಲ ವರ್ಷ ಬರೀ ಎಲೆ. ಎರಡನೆಯ ವರ್ಷ ಹಳದಿ ಮತ್ತು ಬಿಳಿಯ ಸಣ್ಣ ಹೂಗಳು ಅಲ್ಲಲ್ಲಿ ಬಂದವು, ಬೀಜವಾದವು. ಬೀಜವಾದ ಮೇಲೆ ಇಡೀ ಹಿತ್ತಲನ್ನು ಕುಡುಗೋಲಿನಲ್ಲಿ ಕೊಯ್ಯಬೇಕು, ಮೂರು ದಿನ ಅಲ್ಲೇ ಒಣಗಿಸಿ ತಿರುವಿ ಹಾಕಿ ಬೀಜ ಉದುರಿಸಬೇಕು, ಆಮೇಲೆ ಒಣಹುಲ್ಲನ್ನು ಒಂದು ಕಡ್ಡಿಯೂ ಬಿಡದೆ ಹೊರಗೆ ಸಾಗಿಸಬೇಕು. ಬಿಟ್ಟರೆ ಕೊಳೆತು ಮಣ್ಣಿಗೆ ಮತ್ತೆ ಸಾರ ಸೇರಿಬಿಡುತ್ತದಂತೆ! ವಾರಕ್ಕೊಂದು ಗಂಟೆ ಮಷಿನ್ನು ತಳ್ಳಲು ಬೇಸರಪಟ್ಟ ಮಹಾನುಭಾವನು ಈಗ ಕುಡುಗೋಲು ಹಿಡಿದು ಬಗ್ಗಿದರೆ ಏಳಲು ಇಬ್ಬರು ಬೇಕಾಗಿತ್ತು.

ಇಷ್ಟೆಲ್ಲ ಹೂಗಳ ನಡುವೆ ಅವಳ ಜೀವ ಇದ್ದದ್ದು ಒಂದರಲ್ಲಿ. ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ರೈಲು ಹಳಿಯ ಪಕ್ಕ ಒಂದು ಇಳಿಜಾರು ದಿಬ್ಬವಿತ್ತು. ಅಲ್ಲಿ ಒಂದು ನೀಲಿ ಹೂವು ಬಿಡುತ್ತಿತ್ತು. ಅದರ ಒಂದು ಚಿಟಿಕೆ ಬೀಜವನ್ನು ಬಾಟಲಿಯಲ್ಲಿ ತಂದಿಟ್ಟಿದ್ದಳು. ಮರುತಿಂಗಳು ಆ ದಿಬ್ಬಕ್ಕೆ ಕಾಂಕ್ರೀಟು ಹಾಕಿಬಿಟ್ಟರು. ಅವಳು ಸುತ್ತಲಿನ ಬಯಲನ್ನೆಲ್ಲ ಹುಡುಕಿ ಬಂದಳು, ಇನ್ನೆಲ್ಲೂ ಸಿಗಲಿಲ್ಲ. ಆ ಬೀಜವಷ್ಟನ್ನೂ ನಮ್ಮ ಹಿತ್ತಲಿನ ನಟ್ಟನಡುವೆ ಬಿತ್ತಿದಳು. ಐದು ಸಸಿ ಬಂದವು. ಎರಡು ವರ್ಷ ಹೂವಿಲ್ಲ. ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಅವುಗಳ ಮುಂದೆ ಒಂದು ನಿಮಿಷ ಕುಕ್ಕರಗಾಲಿನಲ್ಲಿ ಕೂತು ಎದ್ದು ಹೋಗುತ್ತಿದ್ದಳು. ನನ್ನ ಮುಂದೆ ಹಾಗೆ ಕೂತದ್ದು ನೆನಪಿಲ್ಲ.

ಮೂರನೆಯ ವರ್ಷ ಮಳೆ ಚೆನ್ನಾಗಿ ಬಂದು ಹುಲ್ಲು ಸೊಂಟದವರೆಗೆ ಎದ್ದಿತು. ಹಲ್ಲಿನ ಡಾಕ್ಟರು ತಮ್ಮ ಬಾಲ್ಕನಿಯಲ್ಲಿ ನಿಂತು ನಮ್ಮ ಹಿತ್ತಲನ್ನು ನೋಡಿ ತಲೆಯಲ್ಲಾಡಿಸತೊಡಗಿದರು. ಅವರ ಲಾನು ನಮ್ಮ ಸೋಫಾಕ್ಕಿಂತ ನಯವಾದದ್ದು.

"ನಿಮ್ಮ ಹಿತ್ತಲು ನೋಡಿದ್ರೆ ನನಗೆ ಹತ್ತು ವರ್ಷ ಹಲ್ಲುಜ್ಜದೇ ಇರೋ ಬಾಯಿ ನೆನಪಾಗುತ್ತೆ ಸಾರ್," ಎಂದರು ಮೇಲಿನಿಂದ. "ಎಲ್ಲಾ ತೆಗೆಸಿಬಿಡಿ. ನೋವಾಗಲ್ಲ."

ನನಗೂ ಅದೇ ಬೇಕಿತ್ತು. ಆದರೆ ತೆಗೆಸುವವರು ಯಾರು? ಹೆಂಡತಿಗೆ ನೇರವಾಗಿ ಹೇಳುವ ಧೈರ್ಯ ನನಗಿಲ್ಲ. (ಇದ್ದಿದ್ದರೆ ನಾನು ಅಂಚೆ ಕಚೇರಿಯಲ್ಲಿ ಇರುತ್ತಿರಲಿಲ್ಲ, ಸೈನ್ಯದಲ್ಲಿರುತ್ತಿದ್ದೆ.) ಆಗ ಮಾವ ನೆನಪಾದರು. ಹುಲ್ಲಲ್ಲದ್ದನ್ನು ನಲವತ್ತು ವರ್ಷ ಬೇರುಸಹಿತ ಕಿತ್ತ ಮಹಾರಥಿ! ಫೋನು ಮಾಡಿದರೆ ಮನೆಯಲ್ಲಿ ಕೇಳಿಸುತ್ತದೆಂದು ಆಫೀಸಿನಲ್ಲಿ ಕೂತು ಕಾಗದ ಬರೆದೆ. ‘ಹಿತ್ತಲಿನಲ್ಲಿ ಹುಲ್ಲು ಎದೆಮಟ್ಟ ಬಂದಿದೆ. ಕಾಡುಗಿಡಗಳು ಸೇರಿಕೊಂಡಿವೆ. ಒಮ್ಮೆ ಬಂದು ನೋಡಬೇಕು. ಬರುವಾಗ ಮಷಿನ್ನಿನ ಬ್ಲೇಡು ಹರಿತ ಮಾಡುವ ಅರವನ್ನು ತರುವುದು. ಈ ಕಾಗದದ ವಿಷಯ ಮಗಳಿಗೆ ತಿಳಿಸುವ ಅಗತ್ಯವಿಲ್ಲ.’ ಸ್ವಂತ ಕೈಯಿಂದಲೇ ವಿಂಗಡಿಸಿ ಸರಿಯಾದ ಚೀಲಕ್ಕೆ ಹಾಕಿದೆ.

ಮಾವ ಬುಧವಾರ ಬಂದಿಳಿದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಅರ. ಮಗಳಿಗೆ ಸಂತೋಷವೋ ಸಂತೋಷ. ಅಪ್ಪ ತಾವಾಗಿಯೇ ಬಂದದ್ದು ಎಂದುಕೊಂಡಳು. ಕೈಕಾಲು ತೊಳೆದು ಮಾವ ನೇರ ಹಿತ್ತಲಿಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಸುತ್ತು ಬಂದರು. ಎರಡು ಸುತ್ತು ಬಂದರು. ಬಗ್ಗಿ ಒಂದೆಲೆಯನ್ನು ಮುಟ್ಟಿ ನೋಡಿದರು. ಮಾತಿಲ್ಲ, ಕತೆಯಿಲ್ಲ. ಗುರುವಾರ ಹೀಗೇ, ಶುಕ್ರವಾರವೂ ಹೀಗೇ. ಶತ್ರುವಿನ ಸೈನ್ಯವನ್ನು ಎಣಿಸುತ್ತಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಶನಿವಾರ ಮಧ್ಯಾಹ್ನ ಮಷಿನ್ನನ್ನು ಉರುಳಿಸಿಕೊಂಡು ಬಂದು ಬ್ಲೇಡಿಗೆ ಅರ ಹಾಕತೊಡಗಿದರು. ಆ ಕರಕರ ಸದ್ದು ಕೇಳಿ ನನಗೆ ಸಂಗೀತ ಕಛೇರಿಗೆ ಹೋದಷ್ಟು ಸುಖವಾಯಿತು.

ಆದರೆ ಭಾನುವಾರ ಬೆಳಿಗ್ಗೆ ಒಂದು ಎಡವಟ್ಟಾಯಿತು.

ಅವಳಿಗೆ ಅಂದು ಒಂದೆರಡು ಗಂಟೆಯ ಡ್ಯೂಟಿ ಮಾತ್ರ. ಹೊರಡುವ ಮುಂಚೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ, ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ನೀಲಿ ಹೂವು ಬಿಟ್ಟು ಎರಡು ವಾರವಾಗಿತ್ತು. ಸಿಟ್ಟಿನಿಂದ ನಾನು ಅತ್ತ ಹೋಗಿಯೇ ಇರಲಿಲ್ಲ. ಐದೂ ಗಿಡ ಮೊಣಕಾಲೆತ್ತರ ನಿಂತಿದ್ದವು. ತುದಿಯಲ್ಲಿ ಹೂವು, ಬುಡದ ಕಡೆ ಪುಟ್ಟ ಕಾಯಿಗಳು. ಬಿಸಿಲು ಆಗಷ್ಟೇ ಗೋಡೆ ದಾಟಿತ್ತು. ಒಂದು ದುಂಬಿ ಬಂದು ಹೂವಿನ ಮೇಲೆ ಕೂತಿತು. ಭಾರಕ್ಕೆ ಹೂವು ಬಗ್ಗಿತು, ದುಂಬಿ ಬಿಡಲಿಲ್ಲ. ನನ್ನವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾನು ಹೂವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ನೋಡಿದೆ. ನಿಜ ಹೇಳುತ್ತೇನೆ, ಅಷ್ಟು ನೆಮ್ಮದಿಯ ಮುಖವನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ. ಕನ್ನಡಿಯಲ್ಲೂ ಕಂಡಿರಲಿಲ್ಲ.

"ಇನ್ನು ಹತ್ತೇ ದಿನ," ಎಂದಳು. "ಕಾಯಿ ಕಂದು ಬಣ್ಣಕ್ಕೆ ತಿರುಗಿದ್ರೆ ಬೀಜ ಬಲಿತ ಹಾಗೆ. ಒಂದ್ಸಲ ಬೀಜ ನೆಲಕ್ಕೆ ಬಿದ್ರೆ ಸಾಕು, ಆಮೇಲೆ ಇದು ಎಲ್ಲೂ ಹೋಗಲ್ಲ. ಅಲ್ಲೀವರೆಗೂ ಏನೂ ಆಗದ ಹಾಗೆ ನೋಡ್ಕೊಳ್ಳಿ. ನಿಮ್ಮನ್ನೇ ನಂಬಿದೀನಿ."

ನನ್ನನ್ನು ನಂಬಿದ್ದಾಳೆ! ಕಾಗದ ಬರೆದ ಕೈ ನನ್ನ ಜೇಬಿನೊಳಗೆ ಬೆವರಿತು. ಮಾವನಿಗೆ ಇವತ್ತೇ ಹೇಳಿ ತಡೆಯಬೇಕು ಎಂದು ತೀರ್ಮಾನಿಸಿದೆ. ಆದರೆ ಮಾವ ಬೆಳಗಿನ ವಾಕಿಂಗಿಗೆ ಹೋಗಿದ್ದರು. ಬರಲಿ, ತಿಂಡಿ ತಿನ್ನುವಾಗ ನಿಧಾನವಾಗಿ ವಿಷಯ ತೆಗೆಯೋಣ ಎಂದು ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಪಾತ್ರೆ ತೊಳೆಯುತ್ತ ನಿಂತೆ. ನಮ್ಮ ಸಿಂಕಿನ ಕಿಟಕಿ ರಸ್ತೆಯ ಕಡೆಗಿದೆ. ಹಿತ್ತಲು ಕಾಣುವುದಿಲ್ಲ, ಕೇಳಿಸುತ್ತದೆ. ಮೂರನೆಯ ಲೋಟಕ್ಕೆ ಸೋಪು ಹಚ್ಚುವಾಗ ಕೇಳಿಸಿತು. ಕಟಕಟಕಟಕಟ.

ಲೋಟ ಕೈಬಿಟ್ಟೆ. ಹಿತ್ತಲ ಬಾಗಿಲಿಗೆ ಓಡಿ ಬಂದು ನೋಡಿದರೆ, ವಾಕಿಂಗು ಮುಗಿಸಿ ಯಾವ ಮಾಯದಲ್ಲೋ ಬಂದಿದ್ದ ಮಾವ ಬನಿಯನ್ನಿನಲ್ಲಿ, ಹುಲ್ಲಿನ ನಡುವೆ ದಾರಿ ಮಾಡಿಕೊಂಡು ಮಷಿನ್ನು ತಳ್ಳುತ್ತ ನೇರವಾಗಿ ನೀಲಿ ಹೂವಿನ ಕಡೆಗೆ ಬರುತ್ತಿದ್ದಾರೆ!

"ಮಾವ! ನಿಲ್ಸಿ! ಮಾವ!"

ನಲವತ್ತು ವರ್ಷ ದೊಡ್ಡ ಮಷಿನ್ನುಗಳ ಮೇಲೆ ಕೂತು ಮಾವನ ಕಿವಿ ಮಂದವಾಗಿದೆ. ತಲೆ ತಗ್ಗಿಸಿ ತಳ್ಳುತ್ತಲೇ ಇದ್ದಾರೆ. ಇನ್ನು ಹತ್ತು ಅಡಿ. ಎಂಟು ಅಡಿ. ನಾನು ಓಡಿದೆ. ಆರು ಅಡಿ. ಆಗ ನಾನು ಜೀವಮಾನದಲ್ಲಿ ಎಂದೂ ಮಾಡದ ಕೆಲಸವನ್ನು ಮಾಡಿದೆ. ನೆಗೆದೆ. ಎಂಬತ್ತೆಂಟು ಕಿಲೋ ತೂಕದ ಈ ದೇಹವು ಸೋಪುನೊರೆಯ ಸಮೇತ ಗಾಳಿಯಲ್ಲಿ ಹಾರಿ, ಎರಡೂ ಕೈ ಚಾಚಿಕೊಂಡು, ಮಷಿನ್ನಿಗೂ ಹೂವಿಗೂ ನಡುವೆ ಬೋರಲಾಗಿ ಬಿತ್ತು.

ನಡುವೆ ಎಂದೆ. ಅದು ನನ್ನ ಉದ್ದೇಶವಾಗಿತ್ತು. ಬಿದ್ದದ್ದು ಹೂವಿನ ಮೇಲೆ.

ಮಷಿನ್ನು ನನ್ನಿಂದ ಮೂರಡಿ ಆಚೆಗೇ ನಿಂತಿತ್ತು. ನಾನು ತಲೆಯನ್ನಷ್ಟೇ ಎತ್ತಿ ನೋಡಿದೆ. ಅಲ್ಲಿ ಎರಡು ಗೂಟ ಹೊಡೆದು ದಾರ ಕಟ್ಟಿತ್ತು. ದಾರದಾಚೆ ಮಾವ ಬಾಯಿ ಬಿಟ್ಟು ನಿಂತಿದ್ದರು.

"ಏನಾಯ್ತು ಅಳಿಯಂದ್ರೆ? ಕಾಲು ಜಾರ್ತಾ?"

"ಹೂವು ಮಾವ! ಹೂವು ಕತ್ತರಿಸಬೇಡಿ!"

"ಹೂವು ಯಾಕೆ ಕತ್ತರಿಸ್ಲಿ? ಇಲ್ಲಿ ಕಾಲುದಾರಿ ಮಾಡ್ತಿದ್ದೆ. ಅಂಚು ಕಟ್ಟಿ, ನಡುವೆ ಓಡಾಡೋಕೆ ಒಂದು ದಾರಿ ಬಿಟ್ರೆ, ಇದು ಪಾಳು ಬಿದ್ದಿದ್ದಲ್ಲ, ಬೇಕಂತಲೇ ಬೆಳೆಸಿದ್ದು ಅಂತ ನೋಡಿದೋರಿಗೆ ಗೊತ್ತಾಗುತ್ತೆ. ಈ ದಾರದ ಹತ್ರ ತಿರುಗೋದಿತ್ತು. ನಿನ್ನೆ ಊಟ ಮಾಡ್ತಾ ಮಗಳು ನಿಮಗೆ ಎಲ್ಲಾ ಹೇಳಿದ್ಳಲ್ಲ? ಹೂಂ ಅಂದ್ರಿ."

ಅಂದಿರಬೇಕು. ಮದುವೆಯಾದ ಹದಿಮೂರು ವರ್ಷದಲ್ಲಿ ನಾನು ಕೇಳಿಸಿಕೊಂಡು ಅಂದ ಹೂಂಗಳು ಕಡಿಮೆ. ಎದ್ದೇಳಲು ಹೊರಟೆ.

"ಅಲ್ಲಾಡಬೇಡಿ!" ಮಾವ ಗುಡುಗಿದರು. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದು ಮೈದಾನದ ದನಿ. "ಹೊರಳಿದ್ರೆ ಇನ್ನೂ ನಾಲ್ಕು ಗಿಡ ಹೋಗುತ್ತೆ. ಹಾಗೇ ಇರಿ. ಮೊದಲು ಗೆರೆ."

ಮೈದಾನದಲ್ಲಿ ಎಲ್ಲಾದರೂ ನೆಲ ಕಿತ್ತುಹೋದರೆ ಮೊದಲು ಅದರ ಸುತ್ತ ಬಿಳಿ ಗೆರೆ ಎಳೆಯಬೇಕು, ಆಮೇಲೆ ರಿಪೇರಿ. ಗೆರೆಯ ಒಳಗಷ್ಟೇ ಕೆಲಸ, ಹೊರಗೆ ಒಂದು ಬೆರಳೂ ಇಲ್ಲ. ಇದು ಮಾವನ ನಲವತ್ತು ವರ್ಷದ ಶಿಸ್ತು. ಅವರು ಒಳಗೆ ಹೋಗಿ ತಮ್ಮ ಚೀಲದಿಂದ ಸೀಮೆಸುಣ್ಣದ ಪುಡಿಯ ಡಬ್ಬ ತಂದು, ನನ್ನ ಬಲಗಾಲಿನಿಂದ ಶುರು ಮಾಡಿ, ಕಂಕುಳನ್ನೂ ಬಿಡದೆ, ಬಹಳ ಶ್ರದ್ಧೆಯಿಂದ ನನ್ನ ಸುತ್ತ ಗೆರೆ ಎಳೆದರು. ಹೊಟ್ಟೆಯ ಬಳಿ ಪುಡಿ ಸಾಲದೆ ಇನ್ನೊಂದು ಡಬ್ಬ ತರಬೇಕಾಯಿತು.

"ಇನ್ನು ಏಳಲಾ?"

"ಮಗಳು ಬರ್ಲಿ. ಯಾವ ಕಡೆಯಿಂದ ಎಬ್ಬಿಸಬೇಕು ಅಂತ ಅವಳೇ ಹೇಳ್ಬೇಕು. ಇದು ಅವಳ ಹೊಲ."

ಹೀಗೆ ಮುಕ್ಕಾಲು ಗಂಟೆ. ಒಂದು ಇರುವೆ ನನ್ನ ಮೂಗನ್ನು ಪರ್ವತವೆಂದು ತಿಳಿದು ಹತ್ತಿ ಇಳಿಯಿತು. ಮೇಲಿನಿಂದ ಹಲ್ಲಿನ ಡಾಕ್ಟರ ದನಿ ಬಂತು.

"ಏನ್ ಸಾರ್, ಪೊಲೀಸರಿಗೆ ಫೋನ್ ಮಾಡ್ಬೇಕಾ?"

"ಬೇಡ, ಬದುಕಿದ್ದಾರೆ," ಎಂದು ಮಾವ ನನ್ನ ಪರವಾಗಿ ಉತ್ತರಿಸಿದರು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಹುಲ್ಲಿನ ನಡುವಿನ ಗಿಡಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸಿ ನೋಡತೊಡಗಿದರು. "ಇವೆಲ್ಲಾ ನನಗೆ ಗೊತ್ತು ಅಳಿಯಂದ್ರೆ. ನಲವತ್ತು ವರ್ಷ ಕಿತ್ತೋನು ನಾನು. ಎರಡೆಲೆ ಬಂದಾಗಲೇ ಗುರುತು ಹಿಡಿದು ಕೀಳ್ಬೇಕಿತ್ತು, ಇಲ್ಲಾಂದ್ರೆ ಬೈಗಳ. ಅದಕ್ಕೇ ಇವು ಹೂ ಬಿಟ್ರೆ ಹೇಗಿರುತ್ತೆ ಅಂತ ನಾನು ನೋಡೇ ಇರ್ಲಿಲ್ಲ. ಬುಧವಾರ ಬಂದು ನೋಡಿದೆ. ಏನು ಹೇಳ್ಬೇಕು ಅಂತ ಇವತ್ತಿಗೂ ಗೊತ್ತಾಗ್ತಿಲ್ಲ."

ನಾನು ಮುಖವನ್ನು ಹುಲ್ಲಿನ ಕಡೆ ತಿರುಗಿಸಿ ಎರಡು ಸಲ ಕೆಮ್ಮಿದೆ. (ಗಂಟಲಿಗೆ ಸುಣ್ಣದ ಪುಡಿಯೂ ಸ್ವಲ್ಪ ಹೋಗಿತ್ತು.)

ಗೇಟಿನ ಸದ್ದಾಯಿತು. ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು ನನ್ನವಳು ಹಿತ್ತಲಿಗೆ ಬಂದಳು. ಬಿಳಿ ಗೆರೆಯನ್ನು ನೋಡಿದಳು, ಒಳಗಿದ್ದ ಗಂಡನನ್ನು ನೋಡಿದಳು, ಸುತ್ತಮುತ್ತ ನೀಲಿ ಬಣ್ಣಕ್ಕಾಗಿ ಹುಡುಕಿದಳು. ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಧಾನಕ್ಕೆ ಎದ್ದೇಳಿ," ಎಂದಳು. "ಎಡಗಡೆಯಿಂದ."

ಎದ್ದೆ. ಐದೂ ಗಿಡ ನ್ಯೂಸ್‌ಪೇಪರಿನ ನಡುವೆ ಇಟ್ಟು ಒತ್ತಿದಂತೆ ನೆಲಕ್ಕಂಟಿದ್ದವು. ಎರಡು ನನ್ನ ಏಪ್ರನ್ನಿಗೇ ಅಂಟಿಕೊಂಡು ಬಂದವು. ಅವಳು ಅವನ್ನು ಬಿಡಿಸಿಕೊಂಡು ಅಂಗೈಯಲ್ಲಿ ಹಿಡಿದು ನಿಂತಳು. ನಾನು ಅಷ್ಟು ಸಣ್ಣವನಾದದ್ದು ಯಾವತ್ತೂ ಇಲ್ಲ.

ಮಾವ ಪರಿಸ್ಥಿತಿಯನ್ನು ತಿಳಿ ಮಾಡಲು ಹೊರಟರು. "ಬೈಬೇಡ ಮಗಳೇ. ಅಳಿಯಂದ್ರಿಗೆ ಹಿತ್ತಲ ಮೇಲೆ ತುಂಬಾ ಕಾಳಜಿ. ಅವರು ಕಾಗದ ಬರೀದೇ ಇದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ."

"ಕಾಗದನಾ?"

"ಹೂಂ. ಹುಲ್ಲು ಎದೆಮಟ್ಟ ಬಂದಿದೆ, ಅರ ತಗೊಂಡು ಬನ್ನಿ, ಮಗಳಿಗೆ ಹೇಳ್ಬೇಡಿ ಅಂತ."

ನನ್ನವಳು ನನ್ನ ಕಡೆ ತಿರುಗಿದಳು.

"ಕತ್ತರಿಸೋಕೆ ಅಪ್ಪನ್ನ ಕರೆಸಿದ್ದು ಯಾರು?"

"ನಾನೇ."

"ಕತ್ತರಿಸಬಾರದು ಅಂತ ಮಷಿನ್ ಮುಂದೆ ಬಿದ್ದಿದ್ದು ಯಾರು?"

"ಅದೂ ನಾನೇ."

"ಯಾಕೆ?"

ಸುಳ್ಳು ಹೇಳಲು ಸಮಯ ಸಾಲಲಿಲ್ಲ. "ಬೆಳಿಗ್ಗೆ ನೀನು ತೋರಿಸಿದಾಗ... ಚೆನ್ನಾಗಿತ್ತು ಕಣೆ," ಎಂದೆ. "ನಿನ್ನ ಮುಖ ಕೂಡ."

ಅವಳ ತುಟಿ ಅದುರಿತು. ಅಳುತ್ತಾಳೆಂದುಕೊಂಡೆ. ನಕ್ಕಳು. ನನ್ನ ಮೀಸೆಯ ಸುಣ್ಣ, ಕಿವಿಯ ಸೋಪು, ಏಪ್ರನ್ನಿನ ಹಸಿರು ಕಲೆ ಎಲ್ಲವನ್ನೂ ಒಂದೊಂದಾಗಿ ನೋಡಿ ನಕ್ಕಳು. ಅಷ್ಟರಲ್ಲಿ ಮಾವ ಅವಳ ಅಂಗೈಯಲ್ಲಿದ್ದ ಗಿಡವನ್ನು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಮಗಳೇ, ಇಲ್ಲಿ ನೋಡು. ಬುಡದ ಕಾಯಿ ಆಗ್ಲೇ ಕಂದು ಆಗಿದೆ. ಒಡೆದಿದೆ. ಬೀಜ ಬಲಿತಿದೆ."

ಇಬ್ಬರೂ ಮಂಡಿಯೂರಿದರು. ತಲೆಗೆ ತಲೆ ತಾಗಿಸಿಕೊಂಡು ನೆಲವನ್ನು ಪರೀಕ್ಷಿಸಿದರು. ಕರಿಯ ಚುಕ್ಕಿಗಳಂಥ ಬೀಜಗಳು ಮಣ್ಣಿಗೆ ಒತ್ತಿಕೊಂಡು ಕೂತಿದ್ದವು. ಮಾವನಿಗೆ ಆನಂದವಾಯಿತು.

"ನಾವು ಮೈದಾನದಲ್ಲಿ ಬೀಜ ಹಾಕಿದ್ಮೇಲೆ ಮಣ್ಣು ಮುಚ್ತಿರಲಿಲ್ಲ. ಮೇಲೆ ರೋಲರ್ ಎಳೀತಿದ್ವಿ. ಬೀಜ ನೆಲಕ್ಕೆ ಗಟ್ಟಿಯಾಗಿ ಅಂಟಬೇಕು, ಆದ್ರೆ ಹೂತು ಹೋಗ್ಬಾರ್ದು. ನಿನ್ನ ಗಂಡ ಸರಿಯಾದ ತೂಕ ನೋಡು. ಕಲ್ಲಿನ ರೋಲರ್ ಆಗಿದ್ರೆ ಜಾಸ್ತಿ ಆಗ್ತಿತ್ತು."

ಮುಂದಿನದ್ದನ್ನು ಹೇಳಲು ನನಗೆ ಸಂಕೋಚ. ಗೆರೆಯ ಒಳಗಿನ ಹುಲ್ಲನ್ನೆಲ್ಲ ಮಾವ ಬೆರಳಿನಲ್ಲಿ ಕಿತ್ತು ತೆಗೆದರು. ಗೆರೆಯ ಹೊರಗೆ ಒಂದು ಎಳೆಯನ್ನೂ ಮುಟ್ಟಲಿಲ್ಲ. ನನ್ನವಳು ಉಳಿದ ಕಾಯಿಗಳನ್ನು ಉಜ್ಜಿ ಬಲಿತ ಬೀಜವನ್ನಷ್ಟೇ ಆರಿಸಿ ಉದುರಿಸಿದಳು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು. ಏಪ್ರನ್ ಸರಿಮಾಡಿಕೊಂಡು, ಗೆರೆಗೆ ಸರಿಯಾಗಿ ಕೈಕಾಲು ಜೋಡಿಸಿ, ಮತ್ತೆ ಬೋರಲಾಗಿ ಮಲಗಿದೆ. ಮೂಗಿಗೆ ಬೀಜ ಹೋಗಬಾರದೆಂದು ತಲೆಯನ್ನು ಮಾತ್ರ ಎತ್ತಿಕೊಂಡೆ.

"ಇನ್ನೂ ಸ್ವಲ್ಪ ಎಡಗಡೆ ಭಾರ ಬಿಡಿ," ಎಂದಳು ಹೆಂಡತಿ. ನಾನು ಭಾರ ಬಿಟ್ಟೆ. ಸುಳ್ಳೇಕೆ, ಆ ಹೊತ್ತು ನನಗೆ ಬಹಳ ಹಾಯೆನಿಸಿತ್ತು.

ಮರುವರ್ಷವೇನೋ ಬರೀ ಎಲೆ. ಮಾವ ನಾಲ್ಕು ಸಲ ಬಂದು ಹೋದರು; ಈಗ ಅವರು ಕೀಳುತ್ತಿದ್ದ ಕೈಗಳಿಂದಲೇ ಚೀಟಿ ಅಂಟಿಸಿದ ಕಡ್ಡಿ ನೆಡುತ್ತಾರೆ. ಅದರಾಚೆಯ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರು ಬಾಲ್ಕನಿಯಿಂದ ಕೂಗಿಕೊಂಡರು.

"ಸಾರ್! ಬೇಗ ಬನ್ನಿ! ನಿಮ್ಮ ಹಿತ್ತಲಲ್ಲಿ ನೀವು ಅರಳಿದ್ದೀರಿ!"

ನಾವಿಬ್ಬರೂ, ಆಗ ನಮ್ಮಲ್ಲೇ ಇದ್ದ ಮಾವನೂ ಅವರ ಮನೆಯ ಮಹಡಿಗೆ ಓಡಿ ಹೋಗಿ ನೋಡಿದೆವು. ಹಸಿರು ಹುಲ್ಲಿನ ನಟ್ಟನಡುವೆ, ಎರಡೂ ಕೈ ಚಾಚಿಕೊಂಡು, ಕಾಲು ಅಗಲಿಸಿಕೊಂಡು, ನಾನು. ಅಚ್ಚ ನೀಲಿ ಬಣ್ಣದಲ್ಲಿ. ಹೊಟ್ಟೆಯ ಭಾಗದಲ್ಲಿ ಹೂವು ಎಷ್ಟು ದಟ್ಟವಾಗಿತ್ತೆಂದರೆ ಕಡ್ಡಿ ಹಾಕಲೂ ಜಾಗವಿರಲಿಲ್ಲ. ದುಂಬಿಗಳು ಅಲ್ಲೇ ಗುಂಪುಗೂಡಿದ್ದವು. ತಲೆಯಿದ್ದ ಜಾಗದಲ್ಲಿ ಮಾತ್ರ ಒಂದೂ ಹುಟ್ಟಿರಲಿಲ್ಲ.

"ತಲೆ ಎತ್ತಿಕೊಂಡಿದ್ರಲ್ಲ," ಎಂದಳು ನನ್ನವಳು, ತಾಂತ್ರಿಕ ಕಾರಣ ಕೊಡುವ ಗಂಭೀರ ದನಿಯಲ್ಲಿ. "ಅಲ್ಲಿ ಭಾರ ಬಿದ್ದಿಲ್ಲ."

"ಅಲ್ಲಿ ಭಾರ ಮೊದಲಿಂದಲೂ ಕಮ್ಮಿ," ಎಂದರು ಮಾವ.

ಹಲ್ಲಿನ ಡಾಕ್ಟರು ನಗಲಿಲ್ಲ. ಕಟಕಟೆ ಹಿಡಿದು ಬಹಳ ಹೊತ್ತು ಕೆಳಗೆ ನೋಡಿದರು. ಒಮ್ಮೆ ನಮ್ಮ ಹಿತ್ತಲು, ಒಮ್ಮೆ ತಮ್ಮ ನುಣುಪಾದ ಲಾನು. ಲಾನಿನ ಮೇಲೆ ಒಂದು ಚಿಟ್ಟೆಯೂ ಇರಲಿಲ್ಲ. ಕೊನೆಗೆ ನನ್ನನ್ನಲ್ಲ, ನನ್ನ ಹೆಂಡತಿಯನ್ನು ಕೇಳಿದರು.

"ಮೇಡಂ, ಒಂದು ಚಿಟಿಕೆ ಬೀಜ ನಮಗೂ ಸಿಗಬಹುದಾ?"

"ಧಾರಾಳವಾಗಿ ತಗೊಳ್ಳಿ ಡಾಕ್ಟ್ರೇ. ಆದ್ರೆ ಬಿತ್ತಿದ ಮೇಲೆ ಚೆನ್ನಾಗಿ ಒತ್ತಬೇಕು."

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು ನೋಡಿದರು. ಸ್ವಲ್ಪ ಸಂಕೋಚದಿಂದಲೇ, "ಭಾನುವಾರ ಸಾರ್ ಖಾಲಿ ಇರ್ತಾರಾ?" ಎಂದರು.

"ಇರ್ತಾರೆ, ಕರ್ಕೊಂಡು ಹೋಗಿ," ಎಂದಳು ನನ್ನವಳು. "ಕೆಲಸ ಮುಗಿದ ಮೇಲೆ ಮಣ್ಣು ಒರೆಸಿ ವಾಪಸ್ ಕೊಡಿ."